ಒತ್ತಿ ಹಿಡಿದ ಬ್ರೇಕ್ ಪೆಡಲ್ ತಾನಾಗಿ ಇಳಿಯುತ್ತಿದ್ದರೆ

ಕಾಫಿ ಕೊಯ್ಲು, ಅಡಿಕೆ ಸುಲಿತ ಎರಡೂ ಒಟ್ಟಿಗೆ ಬರುವ ಡಿಸೆಂಬರ್-ಜನವರಿ ತಿಂಗಳುಗಳಲ್ಲಿ ನಮ್ಮ ಪಿಕಪ್ ಗಾಡಿಗಳಿಗೆ ಬಿಡುವೆಂಬುದಿಲ್ಲ. ಗಾಡಿ ಓಡುತ್ತಿರುವವರೆಗೆ ಅದರ ಬ್ರೇಕಿನ ಯೋಚನೆ ಯಾರಿಗೂ ಬರುವುದಿಲ್ಲ. ನಮಗೂ ಬಂದಿರಲಿಲ್ಲ.

ಅಡಿಕೆ ಮೂಟೆ ಹೇರಿಕೊಂಡು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ತಿರುವಿನಲ್ಲಿ ಬಸ್ಸೊಂದು ನಿಂತಿದ್ದರಿಂದ ನಾವೂ ಬ್ರೇಕ್ ಒತ್ತಿ ನಿಂತೆವು. ಕಾಲು ಅಲ್ಲಿಯೇ ಇದ್ದರೂ ಪೆಡಲ್ ಮೆಲ್ಲಗೆ, ಕೆಸರಿನಲ್ಲಿ ಕೋಲು ಇಳಿದಂತೆ ಕೆಳಗಿಳಿಯತೊಡಗಿತು. ಗಾಡಿ ಮುಂದಕ್ಕೆ ಸರಿಯಿತು. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತಿದರೆ ಬ್ರೇಕ್ ಆಯಿಲ್ ಡಬ್ಬಿ ತುಂಬಿಯೇ ಇತ್ತು. "ಆಯಿಲ್ ಕಮ್ಮಿಯಾಗಿಲ್ಲ, ಹೆದರುವುದೇನೂ ಇಲ್ಲ" ಎಂದ ನಮ್ಮ ಡ್ರೈವರ್. ಎರಡು ಸಲ ಜೋರಾಗಿ ತುಳಿದು ತೋರಿಸಿದ. ಬ್ರೇಕ್ ಗಟ್ಟಿಯಾಗಿಯೇ ಹಿಡಿಯಿತು. ಆದರೂ ಮೂಟೆಗಳನ್ನು ಬೇರೆ ಗಾಡಿಗೆ ಹಾಕಿಸಿದೆವು. ಆ ದಿನದ ಬಾಡಿಗೆ ಹೋಯಿತು. ಡ್ರೈವರನ ಮಾತು ಎಲ್ಲಿ ತಪ್ಪಿತ್ತೆಂಬುದು ಆಮೇಲೆ ತಿಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್ ಮುಂದೆ ಸರಿದು ಆಯಿಲನ್ನು ಪೈಪುಗಳ ಮೂಲಕ ನಾಲ್ಕೂ ಚಕ್ರಗಳಿಗೆ ಒತ್ತುತ್ತದೆ. ಪಿಸ್ಟನ್ನಿಗೆ ರಬ್ಬರಿನ ಬಟ್ಟಲಿನಂಥ ವಾಷರ್‌ಗಳಿರುತ್ತವೆ. ಇವುಗಳ ಅಂಚು ಸವೆದರೆ, ಇಲ್ಲವೆ ಸಿಲಿಂಡರಿನ ಒಳಮೈ ತುಕ್ಕಿನಿಂದ ಗುಳಿಬಿದ್ದರೆ, ಒತ್ತಡಕ್ಕೊಳಗಾದ ಆಯಿಲ್ ವಾಷರಿನ ಪಕ್ಕದಿಂದ ನುಸುಳಿ ಹಿಂದಕ್ಕೆ, ಡಬ್ಬಿಯ ಕಡೆಗೇ ಹೋಗುತ್ತದೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ, ಡಬ್ಬಿಯ ಮಟ್ಟವೂ ಇಳಿಯುವುದಿಲ್ಲ. ಜೋರಾಗಿ ತುಳಿದಾಗ ಒತ್ತಡಕ್ಕೆ ವಾಷರಿನ ಅಂಚು ಅರಳಿ ಗೋಡೆಗೆ ಅಂಟಿಕೊಳ್ಳುವುದರಿಂದ ಬ್ರೇಕ್ ಸರಿಯಿದ್ದಂತೆ ಕಾಣುತ್ತದೆ. ಹಗುರಾಗಿ ಒತ್ತಿ ಹಿಡಿದಾಗಲೇ ಸೋರುತ್ತದೆ. ಜೋರಾಗಿ ತುಳಿದು ಮಾಡುವ ಪರೀಕ್ಷೆ ಮೋಸದ ಪರೀಕ್ಷೆಯೆನ್ನುವುದು ಇದಕ್ಕೇ.

ಮನೆಯಂಗಳದಲ್ಲೇ ಹೀಗೆ ನೋಡಬಹುದು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಡಿ. ಬೂಸ್ಟರಿನೊಳಗಿನ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಈಗ ಹಗುರಾಗಿ ಒತ್ತಿ ಒಂದು ನಿಮಿಷ ಹಿಡಿದಿರಿ. ಇಳಿಯುತ್ತಾ ಹೋದರೆ ದೋಷವಿದೆ. ನಿಂತಲ್ಲೇ ನಿಂತರೆ, ಕಾಲು ತೆಗೆಯದೆ ಎಂಜಿನ್ ಸ್ಟಾರ್ಟ್ ಮಾಡಿ. ಆಗ ಪೆಡಲ್ ತುಸು ಇಳಿದು ನಿಲ್ಲಬೇಕು. ಇದು ಬೂಸ್ಟರಿನ ಕೆಲಸ, ದೋಷವಲ್ಲ. ಇದನ್ನೇ ಕಂಡು ಗಾಬರಿಯಾಗಿ ಒಳ್ಳೆಯ ಸಿಲಿಂಡರನ್ನು ಬದಲಿಸಿದವರೂ ಇದ್ದಾರೆ. ನಿಲ್ಲದೆ ಇಳಿಯುತ್ತಲೇ ಹೋದರೆ ಮಾತ್ರ ಚಿಂತೆಯ ವಿಷಯ.

ಪೆಡಲ್ ಮೆತ್ತಗಾಗುವುದಕ್ಕೆ ಬೇರೆ ಕಾರಣಗಳೂ ಉಂಟು. ಸ್ಪಂಜಿನಂತೆ ಕುಪ್ಪಳಿಸಿದರೆ ಪೈಪಿನಲ್ಲಿ ಗಾಳಿ ಸೇರಿದೆ. ಮೊದಲ ಒತ್ತಿಗೆ ಕೆಳಗೆ ಹೋಗಿ, ಎರಡನೆಯದಕ್ಕೆ ಮೇಲೆಯೇ ಹಿಡಿದರೆ ಹಿಂದಿನ ಡ್ರಮ್ಮಿನ ಲೈನರ್ ಸವೆದು ಸಂದು ಹೆಚ್ಚಾಗಿರಬಹುದು. ಘಾಟಿ ಇಳಿದಾಗ ಮೆತ್ತಗಾಗಿ, ಗಾಡಿ ಆರಿದ ಮೇಲೆ ಸರಿಹೋದರೆ ಆಯಿಲ್ ಕುದಿದಿದೆಯೆಂದೇ ಅನುಮಾನಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ವಸ್ತು. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ, ಶೇಕಡಾ 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ನಮ್ಮ ಮಲೆನಾಡಿನ ಮಳೆಗಾಲ ಕಳೆದ ಆಯಿಲ್ ಎಂಥದಿರುತ್ತದೆಂದು ಬೇರೆ ಹೇಳಬೇಕೆ? ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ಬದಲಿಸಿ.

ಡಬ್ಬಿಯ ಮಟ್ಟ ಇಳಿಯುತ್ತಿದ್ದರೆ ಸೋರಿಕೆ ಹೊರಗೇ ಇದೆ. ತೋಟದ ಗಾಡಿಗೆ ಮೆತ್ತಿದ ಕೆಸರು, ಗೊಬ್ಬರ ಇದನ್ನು ಮುಚ್ಚಿಬಿಡುತ್ತವೆ. ಆದ್ದರಿಂದ ಮೊದಲು ತೊಳೆದು ಒಣಗಿಸಿ. ಚಕ್ರಗಳ ಒಳಬದಿ, ರಬ್ಬರ್ ಹೋಸ್‌ಗಳು, ಪೈಪಿನ ಜೋಡಣೆಗಳು, ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಸೇರುವ ಜಾಗ, ಇವನ್ನು ಬೆರಳಾಡಿಸಿ ನೋಡಿ. ಹಿಂದಿನ ಚಕ್ರದ ಜಿಡ್ಡು ಆಕ್ಸೆಲ್ ಆಯಿಲೋ ಬ್ರೇಕ್ ಆಯಿಲೋ ಎಂಬ ಸಂದೇಹ ಬಂದರೆ ನೀರು ಹಾಕಿ: ಬ್ರೇಕ್ ಆಯಿಲ್ ತೊಳೆದುಹೋಗುತ್ತದೆ, ಆಕ್ಸೆಲ್ ಆಯಿಲ್ ಹೋಗುವುದಿಲ್ಲ. ಲೈನರಿಗೆ ಆಯಿಲ್ ತಾಗಿದ್ದರೆ ಒರೆಸಿ ಹಾಕಬೇಡಿ, ಬದಲಿಸಿ.

ಎಲ್ಲಿಯೂ ತೇವವಿಲ್ಲ, ಮಟ್ಟ ಇಳಿದಿಲ್ಲ, ಪೆಡಲ್ ಮಾತ್ರ ಇಳಿಯುತ್ತದೆ ಎಂದಾದರೆ ತಪ್ಪು ಬಹುಮಟ್ಟಿಗೆ ಮಾಸ್ಟರ್ ಸಿಲಿಂಡರಿನದೇ. ವಾಷರ್ ಕಿಟ್ ಹಾಕಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಒಳಮೈ ಕನ್ನಡಿಯಂತಿದ್ದರೆ ಸಾಕು. ಗುಳಿಯಿದ್ದರೆ ಹೊಸ ವಾಷರೂ ಕೆಲವು ತಿಂಗಳಲ್ಲಿ ಹರಿಯುತ್ತದೆ. ಇಡೀ ಸಿಲಿಂಡರನ್ನೇ ಬದಲಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಜೋಡಿಸುವ ಮೊದಲೇ ಮೇಜಿನ ಮೇಲೆ ಆಯಿಲ್ ತುಂಬಿ ಅದರೊಳಗಿನ ಗಾಳಿ ತೆಗೆಯಬೇಕು. ಆಮೇಲೆ ಚಕ್ರಗಳಲ್ಲಿ ಏರ್ ತೆಗೆಯುವಾಗ ಸಾಮಾನ್ಯವಾಗಿ ಸಿಲಿಂಡರಿಗೆ ಅತಿ ದೂರದ್ದರಿಂದ, ಅಂದರೆ ಹಿಂದಿನ ಎಡ ಚಕ್ರದಿಂದ ಶುರುಮಾಡುತ್ತಾರೆ. ಹೊರೆಗೆ ತಕ್ಕಂತೆ ಹಿಂದಿನ ಬ್ರೇಕ್ ಹೊಂದಿಸುವ ವಾಲ್ವ್ ಇರುವ ಗಾಡಿಯಲ್ಲಿ ಛಾಸಿ ಎತ್ತಿ ಹಿಂದಿನ ಆಕ್ಸೆಲನ್ನು ತೂಗುಬಿಟ್ಟರೆ ಆ ವಾಲ್ವ್ ಹಿಂದಕ್ಕೆ ಹೋಗುವ ಆಯಿಲನ್ನು ತಡೆಯುವುದರಿಂದ ಗಾಳಿ ಸರಿಯಾಗಿ ಬರುವುದಿಲ್ಲ. ಎಬಿಎಸ್ ಇರುವ ಗಾಡಿಯಾದರೆ ಅದರ ಯಂತ್ರವಿರುವ ವರ್ಕ್‌ಶಾಪಿಗೇ ಒಯ್ಯಿರಿ. ಹಳೆಯ ಸಿಲಿಂಡರ್ ಇಟ್ಟುಕೊಂಡೇ ಏರ್ ತೆಗೆಯುವುದಾದರೆ ಪೆಡಲನ್ನು ತಳದವರೆಗೆ ತುಳಿಯಬೇಡಿ. ಎಂದೂ ಪಿಸ್ಟನ್ ಹೋಗದ ಜಾಗದ ತುಕ್ಕಿಗೆ ತಾಗಿ ವಾಷರ್ ಹರಿದೀತು.

ಡಬ್ಬಿಗೆ ಎಂಜಿನ್ ಆಯಿಲನ್ನು ಮಾತ್ರ ಎಂದಿಗೂ ಹಾಕಬೇಡಿ. ನಮ್ಮ ಸದಸ್ಯರೊಬ್ಬರ ಆಳು ಅರ್ಧ ಲೋಟ ಸುರಿದದ್ದಕ್ಕೆ ರಬ್ಬರೆಲ್ಲ ಉಬ್ಬಿ, ಸಿಲಿಂಡರ್, ಹೋಸ್‌ಗಳೆಲ್ಲವನ್ನೂ ಬದಲಿಸಬೇಕಾಯಿತು.

ಇಳಿಜಾರಿನಲ್ಲೇ ಪೆಡಲ್ ಇಳಿದರೆ ಎಂಜಿನ್ ಆಫ್ ಮಾಡಬೇಡಿ. ಬೂಸ್ಟರಿನ ಬಲವೂ ಹೋಗುತ್ತದೆ. ಬೇಗಬೇಗ ಒತ್ತಿ ಬಿಡುತ್ತಾ ಕೆಳಗಿನ ಗೇರಿಗೆ ಬನ್ನಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಎಳೆಯಿರಿ, ಬೆಟ್ಟದ ಬದಿಗೆ ಗಾಡಿ ತನ್ನಿ.

ನಮ್ಮ ಗಾಡಿಯ ಹಳೆಯ ಸಿಲಿಂಡರನ್ನು ಬಿಚ್ಚಿ ಟಾರ್ಚ್ ಹಾಕಿ ನೋಡಿದೆವು. ತಳದಲ್ಲಿ ಸಾಸಿವೆ ಕಾಳಿನಷ್ಟು ಗುಳಿ, ವಾಷರಿನ ಅಂಚಿನಲ್ಲಿ ಅದಕ್ಕೆ ಸರಿಯಾಗಿ ಒಂದು ಗೀರು. ಡ್ರೈವರ್ ಅದನ್ನು ಈಗ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆ.