ಸಂಸ್ಕೃತ ವಿಭಕ್ತಿ: ‘ಇಂದ’ ಕಂಡಲ್ಲೆಲ್ಲ ತೃತೀಯಾ ಅಲ್ಲ

ಪುತ್ತೂರು, ಸುಳ್ಯ, ಕಡಬ ಕಡೆ ಹೈಸ್ಕೂಲಿನಲ್ಲಿ ಸಂಸ್ಕೃತ ಆರಿಸಿಕೊಂಡ ಮಕ್ಕಳು ‘ರಾಮಃ ರಾಮೌ ರಾಮಾಃ’ ಎಂದು ತಡವರಿಸದೆ ಒಪ್ಪಿಸುತ್ತಾರೆ. ಸ್ವಂತ ವಾಕ್ಯ ಕೇಳಿದರೆ ಮಾತ್ರ ಪೆನ್ನು ನಿಲ್ಲುತ್ತದೆ. ಬಾಯಿಪಾಠವನ್ನು ದೂರುವವರ ಮಾತು ಕೇಳಬೇಡಿ, ಅದು ಬೇಕೇ ಬೇಕು. ಆದರೆ ಅದೊಂದೇ ಸಾಲದು.

ಮೊದಲು ರಾಮ ಶಬ್ದ. ಏಳು ವಿಭಕ್ತಿ, ಮೂರು ವಚನ, ಒಟ್ಟು 21 ಮನೆ. ದ್ವಿವಚನದ ಏಳು ಮನೆಗಳಲ್ಲಿರುವುದು ಮೂರೇ ರೂಪ: ರಾಮೌ, ರಾಮಾಭ್ಯಾಂ, ರಾಮಯೋಃ. ಬಹುವಚನದಲ್ಲಿ ಚತುರ್ಥೀ, ಪಂಚಮೀ ಎರಡಕ್ಕೂ ರಾಮೇಭ್ಯಃ. ಆಮೇಲೆ ವನ ಶಬ್ದ. ಪ್ರಥಮಾ, ದ್ವಿತೀಯಾ ಎರಡರಲ್ಲೂ ವನಂ, ವನೇ, ವನಾನಿ; ಮುಂದೆಲ್ಲ ರಾಮನಂತೆ. ಆದರೆ ‘ವನೇನ’, ‘ದೇವೇನ’ ಎಂದೇ ಬರೆಯಿರಿ. ‘ರಾಮೇಣ’ದ ಣಕಾರ ಅಲ್ಲಿರುವ ರೇಫದಿಂದ ಬಂದದ್ದು.

ಇನ್ನು ಎಲ್ಲರೂ ಎಡವುವ ಜಾಗ. ‘ಪುತ್ತೂರಿನಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಹೋಗುತ್ತಾನೆ’ ಎಂಬ ವಾಕ್ಯ ತೆಗೆದುಕೊಳ್ಳಿ. ಕನ್ನಡದ ಪ್ರತ್ಯಯ ನೋಡಿ ವಿಭಕ್ತಿ ಹಾಕಿದರೆ ದಾರಿ ತಪ್ಪುತ್ತದೆ. ‘ಇಂದ’ ಇದೆಯೆಂದು ತೃತೀಯಾ ಅಲ್ಲ, ಹೊರಟ ಜಾಗವಾದ್ದರಿಂದ ಪಂಚಮೀ. ‘ಕ್ಕೆ’ ಇದೆಯೆಂದು ಚತುರ್ಥೀ ಹಾಕುವುದೂ ಬೇಡ, ಹೋಗುವ ಜಾಗಕ್ಕೆ ದ್ವಿತೀಯಾ ಸಲ್ಲುತ್ತದೆ. ‘ಅಲ್ಲಿ’ ಇದ್ದರೂ ಬಸ್ಸು ಹೋಗುವ ಸಾಧನ, ಹಾಗಾಗಿ ತೃತೀಯಾ. ‘ಪುತ್ತೂರುನಗರಾತ್ ಸುಳ್ಯನಗರಂ ಲೋಕಯಾನೇನ ಗಚ್ಛತಿ’ ಎಂದರೆ ಸರಿ. ಪ್ರತ್ಯಯವನ್ನು ಬಿಟ್ಟು, ಕ್ರಿಯೆಯಲ್ಲಿ ಆ ಪದದ ಕೆಲಸವೇನು ಎಂದು ಕೇಳಿಕೊಳ್ಳಿ. ಮರದಿಂದ ಅಡಿಕೆ ಬಿತ್ತು: ಮರ ಬಿಟ್ಟುಬಂದ ಜಾಗ, ಪಂಚಮೀ. ಕತ್ತಿಯಿಂದ ಅಡಿಕೆ ಸುಲಿದ: ಕತ್ತಿ ಸಾಧನ, ತೃತೀಯಾ.

ಮನೆಯಲ್ಲಿ ತುಳು ಆಡುವ ಮಕ್ಕಳಿಗೆ ಇದು ಇನ್ನೂ ಸುಲಭ. ಅವರು ಸಾಧನಕ್ಕೆ ‘ಕತ್ತಿಡ್’ ಎನ್ನುತ್ತಾರೆ, ಹೊರಟ ಜಾಗಕ್ಕೆ ‘ಪುತ್ತೂರುಡ್ದ್’ ಎನ್ನುತ್ತಾರೆ. ಎರಡಕ್ಕೂ ಬೇರೆಬೇರೆ ಪ್ರತ್ಯಯ ನಾಲಗೆಯಲ್ಲೇ ಇದೆ. ಸಂಸ್ಕೃತ ತರಗತಿಯಲ್ಲಿ ತುಳುವಿಗೆ ಬಾಗಿಲು ಹಾಕುವ ಶಿಕ್ಷಕರು ಈ ಅನುಕೂಲವನ್ನು ಕಳೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಉಳಿದದ್ದು ಚುಟುಕಾಗಿ: ‘ಸಹ’ ಬಂದರೆ ತೃತೀಯಾ, ‘ನಮಃ’ ಬಂದರೆ ಚತುರ್ಥೀ. ರಮಾ, ಹರಿ, ಗುರು, ನದೀ ಇದೇ ಕ್ರಮದಲ್ಲಿ ಬರಲಿ. ಒಂದು ಶಬ್ದ ಗಟ್ಟಿಯಾಗದೆ ಇನ್ನೊಂದಕ್ಕೆ ಕೈಹಾಕಬೇಡಿ. ನೋಡದೆ ಬರೆದು, ಪುಸ್ತಕದೊಂದಿಗೆ ತಾಳೆ ನೋಡಿ, ಅದೇ ದಿನ ಆ ಶಬ್ದದಿಂದ ಏಳು ವಾಕ್ಯ ಮಾಡಿ, ವಿಭಕ್ತಿಗೊಂದರಂತೆ.