ಬ್ಲಾಕ್ ಪ್ಲೇಸ್‌ಮೆಂಟ್: ವಿದ್ಯಾರ್ಥಿ ವೃತ್ತಿಪರರಾಗುವ ತಿಂಗಳಿಗೆ ಹತ್ತು ಸೂತ್ರಗಳು

ಎಂಎಸ್‌ಡಬ್ಲ್ಯು ಓದುವವರಿಗೆ ಕ್ಷೇತ್ರಕಾರ್ಯ ಹೊಸದೇನಲ್ಲ. ವಾರಕ್ಕೆ ಎರಡು ದಿನ ಆಸ್ಪತ್ರೆಯನ್ನೋ ಶಾಲೆಯನ್ನೋ ಕೊಳೆಗೇರಿಯನ್ನೋ ಸುತ್ತಿ ಬಂದಿರುತ್ತಾರೆ. ಆದರೆ ನಾಲ್ಕನೇ ಸೆಮಿಸ್ಟರ್‌ನ ಕೊನೆಗೆ ಬರುವ ಬ್ಲಾಕ್ ಪ್ಲೇಸ್‌ಮೆಂಟ್‌ನ ಲೆಕ್ಕವೇ ಬೇರೆ. ಸಾಮಾನ್ಯವಾಗಿ ಒಂದು ತಿಂಗಳು, ದಿನವೂ, ಸಂಸ್ಥೆಯ ಸಿಬ್ಬಂದಿಯ ಹಾಗೆಯೇ ದುಡಿಯಬೇಕು. ಇದನ್ನು ಸೀಲು-ಸಹಿಗಾಗಿ ಕಳೆದವರೂ ಇದ್ದಾರೆ, ಇದರಿಂದಲೇ ಕೆಲಸ ಹಿಡಿದವರೂ ಇದ್ದಾರೆ. ಇವರಿಬ್ಬರ ನಡುವಿನ ಅಂತರ ಬುದ್ಧಿವಂತಿಕೆಯದಲ್ಲ, ಹಿಡಿದ ಕೆಲಸವನ್ನು ಕೊನೆ ಮುಟ್ಟಿಸುವ ಅಭ್ಯಾಸದ್ದು. ಆ ಅಭ್ಯಾಸ ಬೆಳೆಸಿಕೊಳ್ಳಲು ಹತ್ತು ಸೂತ್ರಗಳು ಇಲ್ಲಿವೆ.

1. ಊರು ನೋಡಬೇಡಿ, ಕೆಲಸ ನೋಡಿ

ಪಿ.ಜಿ.ಗೆ ಹತ್ತಿರ, ಬಸ್ಸಿನ ಅನುಕೂಲ, ಗೆಳೆಯರೂ ಅಲ್ಲೇ ಇದ್ದಾರೆ ಎಂಬ ಕಾರಣಕ್ಕೆ ಜಾಗ ಆರಿಸಬೇಡಿ. ಮನೋವೈದ್ಯಕೀಯ ಸಮಾಜಕಾರ್ಯದತ್ತ ಒಲವಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ಸಾಕಷ್ಟು ಮೊದಲೇ ವಿಚಾರಿಸಿ. ಮಕ್ಕಳ ಕ್ಷೇತ್ರವಾದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವಿದೆ, ಎಚ್‌ಆರ್ ಆದರೆ ಕಾರ್ಖಾನೆಗಳಿವೆ. ಒಪ್ಪಿಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿ. ಮೇಲ್ವಿಚಾರಕರು ಸಮಾಜಕಾರ್ಯ ಓದಿದವರೇ? ನನಗೇ ಅಂತ ಕೇಸ್ ಕೊಡುತ್ತೀರಾ? ವಾರಕ್ಕೊಮ್ಮೆ ನನ್ನ ಜತೆ ಕೂತು ಮಾತಾಡುವವರು ಯಾರು? ಮೂರಕ್ಕೂ 'ಬನ್ನಿ, ನೋಡೋಣ' ಎಂಬ ಉತ್ತರ ಬಂದರೆ ತಿಂಗಳಿಡೀ ಎಕ್ಸೆಲ್ ಶೀಟ್ ತುಂಬಿಸುವ ಸಂಭವವೇ ಹೆಚ್ಚು.

2. ಕಾನೂನನ್ನು ಮೊದಲೇ ಓದಿಕೊಳ್ಳಿ

ನೊಂದವರು ಎದುರಿಗೆ ಬಂದು ಕೂತ ಮೇಲೆ ಪುಸ್ತಕ ತಿರುವಲಾಗದು. ಎಲ್ಲವನ್ನೂ ಓದಬೇಕಿಲ್ಲ, ನೀವು ಹೋಗುವ ಕ್ಷೇತ್ರದ್ದು ಸಾಕು. ಮಕ್ಕಳ ಕೆಲಸಕ್ಕೆ 2012ರ ಪೋಕ್ಸೊ ಮತ್ತು 2015ರ ಬಾಲನ್ಯಾಯ ಕಾಯ್ದೆ, ಮಾನಸಿಕ ಆರೋಗ್ಯಕ್ಕೆ 2017ರ ಕಾಯ್ದೆ, 21 ಬಗೆಯ ಅಂಗವೈಕಲ್ಯವನ್ನು ಗುರುತಿಸುವ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಮಹಿಳೆಯರ ವಿಷಯದಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. 'ಇದು ನಿನ್ನ ಮನೆಯಲ್ಲ, ನಡಿ' ಎನಿಸಿಕೊಂಡು ಬಂದ ಹೆಣ್ಣುಮಗಳಿಗೆ, ಮನೆ ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ವಾಸಿಸುವ ಹಕ್ಕು ಈ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿದೆ ಎಂದು ಹೇಳಬಲ್ಲಿರಾದರೆ, ನೀವು ಆಗಲೇ ಉಪಯೋಗಕ್ಕೆ ಬಂದಿರಿ. ಫೋನಿನಲ್ಲಿ ಐದು ಸಂಖ್ಯೆಗಳು ಸದಾ ಇರಲಿ: ಮಕ್ಕಳಿಗೆ 1098, ಮಹಿಳೆಯರಿಗೆ 181, ಹಿರಿಯ ನಾಗರಿಕರಿಗೆ 14567, ಮಾನಸಿಕ ತೊಂದರೆಗೆ ಟೆಲಿ ಮಾನಸ್ 14416, ತುರ್ತಿಗೆ 112.

3. ಮೊದಲ ಮೂರು ದಿನ ಕಿವಿಗೆ ಕೆಲಸ ಕೊಡಿ

ಸಂಸ್ಥೆಯ ಬೋರ್ಡಿನಲ್ಲಿರುವ ಹುದ್ದೆಗಳು ಬೇರೆ, ಕೆಲಸ ನಡೆಸುವವರು ಬೇರೆ. ಯಾವ ಫೈಲ್ ಯಾರ ಮೇಜಿನಲ್ಲಿ ನಿಲ್ಲುತ್ತದೆ ಎಂಬುದು ಗುಮಾಸ್ತರಿಗೆ ಗೊತ್ತು. ಯಾವ ರೋಗಿಯನ್ನು ನೋಡಲು ಯಾರೂ ಬರುತ್ತಿಲ್ಲ ಎಂಬುದು ಆಯಾಗಳಿಗೆ ಗೊತ್ತು. ಯಾವ ಮನೆಯಲ್ಲಿ ಏನು ನಡೆದಿದೆ ಎಂಬುದು ಆಶಾ ಕಾರ್ಯಕರ್ತೆಗೂ ಅಂಗನವಾಡಿ ಟೀಚರಿಗೂ ಗೊತ್ತು. ಇವರೆಲ್ಲರ ಹೆಸರು ಕಲಿತು, ಅಕ್ಕ-ಅಣ್ಣ ಎಂದು ಮಾತಾಡಿಸಿ, ಕೇಳಿಸಿಕೊಳ್ಳಿ. ಹೊಸ ಯೋಜನೆಯ ಸಲಹೆ ಎರಡನೇ ವಾರಕ್ಕೆ ಇರಲಿ.

4. ಚೀಟಿ ಬರೆದುಕೊಟ್ಟರೆ ರೆಫರಲ್ ಆಗುವುದಿಲ್ಲ

ವಿದ್ಯಾರ್ಥಿಗಳು ಹೆಚ್ಚು ಎಡವುವುದು ಇಲ್ಲಿಯೇ. ತಾಲ್ಲೂಕು ಆಸ್ಪತ್ರೆಯ ಒಪಿಡಿಗೆ ಬಂದ ಅಜ್ಜಿಯೊಬ್ಬರು ವೃದ್ಧಾಪ್ಯ ವೇತನ ನಿಂತುಹೋಗಿದೆ, ಮಾತ್ರೆಗೆ ದುಡ್ಡಿಲ್ಲ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. 'ನಾಡಕಚೇರಿಗೆ ಹೋಗಿ ಅಜ್ಜಿ' ಎಂದರೆ ನಿಮ್ಮ ಡೈರಿಯಲ್ಲಿ ಒಂದು ಸಾಲು ತುಂಬುತ್ತದೆ. ಅಜ್ಜಿ ಮಾತ್ರ ನಾಡಕಚೇರಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ನಾಡಕಚೇರಿಗೆ ಅಲೆಯುತ್ತಾರೆ.

ಮೊದಲು ಪಾಸ್‌ಬುಕ್ ತೆಗೆಸಿ ನೋಡಿ. ಕೊನೆಯ ಕಂತು ಯಾವ ತಿಂಗಳು ಬಂದಿದೆ? ಖಾತೆಗೆ ಆಧಾರ್ ಜೋಡಣೆ ಆಗಿದೆಯೇ? ತೊಡಕು ಬ್ಯಾಂಕಿನದೋ ಕಂದಾಯ ಇಲಾಖೆಯದೋ ಎಂದು ಫೋನ್ ಮಾಡಿ ತಿಳಿದುಕೊಳ್ಳಿ. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮಂಜೂರಾತಿ ಆದೇಶ ಇವುಗಳ ಜೆರಾಕ್ಸ್ ಒಂದೇ ಕವರಿಗೆ ಹಾಕಿ. ಹೋಗಬೇಕಾದ ಕಚೇರಿ, ಕೇಳಬೇಕಾದ ಮಾತು ಎರಡನ್ನೂ ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಎರಡು ದಿನ ಬಿಟ್ಟು ಕರೆ ಮಾಡಿ.

"ಹೋಗಿದ್ರಾ ಅಜ್ಜಿ? ಏನಂದ್ರು?"

"ಸರ್ವರ್ ಇಲ್ಲ ಅಂದ್ರು ಮಗಾ. ಸೋಮವಾರ ಬಾ ಅಂದ್ರು."

ಹಾಗಾದರೆ ಸೋಮವಾರ ಸಂಜೆ ಮತ್ತೊಂದು ಕರೆ. ದುಡ್ಡು ಖಾತೆಗೆ ಬಿದ್ದ ದಿನವೇ ಆ ಕೇಸ್ ಮುಗಿದಂತೆ.

5. ಕಂಡದ್ದು, ಕೇಳಿದ್ದು, ಅನಿಸಿದ್ದು ಬೇರೆ ಬೇರೆ ಇರಲಿ

'ಮಹಿಳೆ ಖಿನ್ನರಾಗಿದ್ದರು, ಗಂಡ ಬೇಜವಾಬ್ದಾರಿ ಮನುಷ್ಯ' ಎಂದು ಬರೆದರೆ ಅದು ತೀರ್ಪು, ವರದಿಯಲ್ಲ. 'ಹದಿನೈದು ದಿನದಿಂದ ನಿದ್ದೆ ಇಲ್ಲ, ಒಂದೇ ಹೊತ್ತು ಊಟ ಎಂದರು. ಮಾತಿನ ನಡುವೆ ಎರಡು ಸಲ ಅತ್ತರು. ಗಂಡ ಮೂರು ತಿಂಗಳಿಂದ ಮನೆಖರ್ಚಿಗೆ ಕೊಟ್ಟಿಲ್ಲವೆಂದು ಹೇಳಿದರು' ಎಂದು ಬರೆದರೆ ಅದನ್ನು ಹಿಡಿದು ವೈದ್ಯರೂ ಮುಂದುವರಿಯಬಹುದು, ವಕೀಲರೂ ಮುಂದುವರಿಯಬಹುದು. ಮೇರಿ ರಿಚ್ಮಂಡ್ 1917ರಲ್ಲಿ 'ಸೋಷಿಯಲ್ ಡಯಾಗ್ನೋಸಿಸ್' ಪುಸ್ತಕದಲ್ಲಿ ಒತ್ತಿ ಹೇಳಿದ್ದೂ ಪುರಾವೆಯನ್ನೂ ಊಹೆಯನ್ನೂ ಬೆರೆಸಬಾರದು ಎಂದೇ. ವರದಿಯನ್ನು ಅದೇ ದಿನ ಬರೆಯಿರಿ. ಭಾನುವಾರ ಕೂತು ಇಡೀ ವಾರದ್ದು ಬರೆದರೆ ಎಲ್ಲ ಕೇಸ್‌ಗಳೂ ಒಂದೇ ಥರ ಕಾಣುತ್ತವೆ.

6. ಗುಟ್ಟು ಕಾಯಿರಿ, ಕಾಯಬಾರದ ಗುಟ್ಟನ್ನೂ ತಿಳಿದಿರಿ

ಮನೆ ಭೇಟಿಯ ಸೆಲ್ಫಿ ವಾಟ್ಸ್ಆಪ್ ಸ್ಟೇಟಸ್‌ಗೆ ಹೋಗಕೂಡದು. ವರದಿಯಲ್ಲಿ ಹೆಸರು ಬದಲಿಸಿದರೆ ಸಾಲದು. ಊರು, ಬೀದಿ, ಕಸುಬು ಸೇರಿದರೆ ಹಳ್ಳಿಯಲ್ಲಿ ಯಾರಿಗಾದರೂ ಗುರುತು ಸಿಗುತ್ತದೆ. ಸಂಕಷ್ಟದಲ್ಲಿರುವ ಮಗುವಿನ ಗುರುತು ಬಯಲು ಮಾಡುವುದಂತೂ ಬಾಲನ್ಯಾಯ ಕಾಯ್ದೆಯಡಿ ಶಿಕ್ಷಾರ್ಹ. ಇನ್ನೊಂದು ಮಗ್ಗುಲೂ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರುವುದು ತಿಳಿದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊದ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ. ಆದ್ದರಿಂದ 'ಯಾರಿಗೂ ಹೇಳಲ್ಲ' ಎಂದು ಆಣೆ ಮಾಡಬೇಡಿ. 'ನಿನ್ನ ಮೇಲೆ ದೌರ್ಜನ್ಯ ಆಗಿದ್ದರೆ, ನಿನ್ನ ಜೀವಕ್ಕೆ ಅಪಾಯ ಅನಿಸಿದರೆ ಹೇಳಬೇಕಾಗುತ್ತೆ, ಮೊದಲು ನಿನಗೆ ತಿಳಿಸಿಯೇ ಹೇಳ್ತೀನಿ' ಎಂದು ಆರಂಭದಲ್ಲೇ ಹೇಳಿಬಿಡಿ. ಅಂಥ ಮಾತು ಕಿವಿಗೆ ಬಿದ್ದ ಕೂಡಲೇ ಮೇಲ್ವಿಚಾರಕರಿಗೆ ತಿಳಿಸಿ, ಒಬ್ಬರೇ ಹೊತ್ತುಕೊಂಡು ಓಡಾಡಬೇಡಿ.

7. ತೀರ್ಮಾನ ಅವರದು

ಹೊಡೆತ ತಿಂದು ಬಂದ ಹೆಂಗಸು ಸಂಜೆ 'ಮನೆಗೇ ಹೋಗ್ತೀನಿ ಮೇಡಂ' ಎನ್ನಬಹುದು. ಬೇಸರ ಮಾಡಿಕೊಳ್ಳಬೇಡಿ, ಉಪದೇಶವನ್ನೂ ಮಾಡಬೇಡಿ. ಹೋಗುವ ಮುನ್ನ ನಾಲ್ಕು ಮಾತು ಕೇಳಿ: ರಾತ್ರಿ ಗಲಾಟೆಯಾದರೆ ಯಾರ ಮನೆಗೆ ಹೋಗುತ್ತೀರಿ? ಕಾಗದಪತ್ರ ಎಲ್ಲಿವೆ? ಮಕ್ಕಳನ್ನು ಯಾರು ಕರೆದುಕೊಳ್ಳುತ್ತಾರೆ? ಫೋನ್ ಕೈಗೆ ಸಿಗುತ್ತದೆಯೇ? ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ (ಸಿಡಿಪಿಒ) ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣಾಧಿಕಾರಿಗಳು ಎಂದು ತಿಳಿಸಿ ಕಚೇರಿಯ ವಿಳಾಸ ಕೊಡಿ. ಬಾಗಿಲು ತೆರೆದಿದೆ ಎಂದು ಗೊತ್ತಿದ್ದವರು ಮತ್ತೆ ಬರುತ್ತಾರೆ.

8. ಮೇಲ್ವಿಚಾರಕರ ಬಳಿ ಪ್ರಶ್ನೆ ಒಯ್ಯಿರಿ

ಆದದ್ದೆಲ್ಲವನ್ನೂ ಒಪ್ಪಿಸುತ್ತಾ ಕೂತರೆ ಗಂಟೆ ಮುಗಿಯುತ್ತದೆ, ಕಲಿತದ್ದೇನೂ ಇರುವುದಿಲ್ಲ. ಒಂದು ಕೇಸ್, ಒಂದು ಗೊಂದಲ, ನಿಮಗೆ ತೋಚಿದ ಎರಡು ದಾರಿ ಇಷ್ಟನ್ನು ಬರೆದುಕೊಂಡು ಹೋಗಿ. ಬಿಡುವಿಲ್ಲ ಎಂದರೆ ಮಧ್ಯಾಹ್ನ ಟೀ ಹೊತ್ತಿಗೆ ಹದಿನೈದು ನಿಮಿಷ ಕೇಳಿ ಪಡೆಯಿರಿ.

9. ಮನಸ್ಸು ಕೊಡಿ, ಪರ್ಸು ಬೇಡ

ಬಸ್ ಚಾರ್ಜಿಗೆ ಐವತ್ತು ರೂಪಾಯಿ ಕೊಟ್ಟರೆ ತಪ್ಪೇನು ಎನಿಸುತ್ತದೆ. ಮುಂದಿನ ವಾರ ಅವರು ನಿಮ್ಮನ್ನು ಹುಡುಕಿಕೊಂಡು ಬರುವುದು ಸಾಲಕ್ಕೆ, ಸಮಾಲೋಚನೆಗಲ್ಲ. ಆಸ್ಪತ್ರೆಯಲ್ಲಿ ಬಡರೋಗಿಗಳ ನಿಧಿಯಿದೆಯೇ ಎಂದು ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ, ಆ ಬಾಗಿಲು ತಟ್ಟಿ. ಭಾವನೆಗೂ ಇದೇ ನಿಯಮ. ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಪಟ್ಟಿ ಮಾಡಿದ ಏಳು ತತ್ವಗಳಲ್ಲಿ ಹತೋಟಿಯಲ್ಲಿರುವ ಭಾವನಾತ್ಮಕ ಒಳಗೊಳ್ಳುವಿಕೆಯೂ ಒಂದು. ಕರಗಬೇಕು, ಕೊಚ್ಚಿಹೋಗಬಾರದು. ಮನೆಗೆ ಬಂದ ಮೇಲೂ ಒಂದು ಕೇಸ್ ಕಾಡುತ್ತಿದ್ದರೆ ಅದನ್ನೇ ಮುಂದಿನ ಚರ್ಚೆಗೆ ಒಯ್ಯಿರಿ.

10. ಕೊನೆಯ ವಾರ ಒಪ್ಪಿಸುವುದಕ್ಕೆ

ನೀವು ಹೋಗುವ ತಾರೀಖನ್ನು ಮೊದಲ ಭೇಟಿಯಲ್ಲೇ ಹೇಳಿರಿ. ಮೊದಲೇ ಯಾರೋ ಕೈಬಿಟ್ಟ ಮಗುವಿಗೆ, ದಿನವೂ ಬರುತ್ತಿದ್ದ ಅಕ್ಕ ಹೇಳದೆ ಮಾಯವಾದರೆ ಅದು ಇನ್ನೊಂದು ಪೆಟ್ಟು. ಕೊನೆಯ ವಾರ ಹೊಸ ಕೇಸ್ ತೆಗೆದುಕೊಳ್ಳಬೇಡಿ. ಪ್ರತಿ ಕೇಸ್‌ಗೂ ಒಂದು ಪುಟ ಬರೆಯಿರಿ: ಆದದ್ದೇನು, ಬಾಕಿ ಏನು, ಮುಂದಿನ ತಾರೀಖು ಯಾವುದು, ಯಾರಿಗೆ ಫೋನ್ ಮಾಡಬೇಕು. ಮುಂದೆ ನೋಡಿಕೊಳ್ಳುವವರನ್ನು ಕರೆದೊಯ್ದು ಮುಖಾಮುಖಿ ಪರಿಚಯಿಸಿ.

ಕೆಲಸ ಸಿಗುವುದೂ ಈ ಪುಟಗಳಿಂದಲೇ. ವಕೀಲರಿಗೆ ಬಾರ್ ಕೌನ್ಸಿಲ್ ಇದ್ದಂತೆ ಎಲ್ಲ ಸಮಾಜಕಾರ್ಯಕರ್ತರನ್ನೂ ನೋಂದಾಯಿಸುವ ರಾಷ್ಟ್ರೀಯ ಮಂಡಳಿ ನಮ್ಮಲ್ಲಿಲ್ಲ. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನಷ್ಟೇ 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ತನ್ನ ವ್ಯಾಪ್ತಿಗೆ ತಂದಿದೆ. ಹಾಗಾಗಿ ಹೆಚ್ಚಿನವರಿಗೆ ಅರ್ಹತೆ ತೋರಿಸಲು ನೋಂದಣಿಯ ಆಸರೆಯಿಲ್ಲ, ಪದವಿ ಪ್ರಮಾಣಪತ್ರವಂತೂ ಸಂದರ್ಶನದಲ್ಲಿ ಎಲ್ಲರ ಕೈಯಲ್ಲೂ ಇರುತ್ತದೆ. 'ನಾನು ಇಂಥ ಕೇಸ್ ತೆಗೆದುಕೊಂಡೆ, ಇಲ್ಲಿ ತಡೆಯಾಯಿತು, ಹೀಗೆ ದಾಟಿಸಿದೆ, ಇಂಥವರಿಗೆ ಒಪ್ಪಿಸಿ ಬಂದೆ' ಎಂದು ಗುರುತು ಬಿಟ್ಟುಕೊಡದೆ ಐದು ನಿಮಿಷ ಮಾತಾಡಬಲ್ಲವರು ಮಾತ್ರ ಕಡಿಮೆ. ಅಂಥ ಎರಡು ಕೇಸ್ ನಿಮ್ಮ ಕೈಯಲ್ಲಿದ್ದರೆ ತಿಂಗಳು ಸಾರ್ಥಕ.