ಉಷ್ಣಮಾಪಕವಿಲ್ಲದೆ ಅಡಿಗೆಯ ಹದವನ್ನು ತಿಳಿಯುವ ಬಗೆ

ಈಗ ಅಚ್ಚಾಗುವ ಪಾಕಪುಸ್ತಕಗಳಲ್ಲಿ ಡಿಗ್ರಿಗಳ ಲೆಕ್ಕವು ಬಹಳವಾಗಿದೆ. ಸಕ್ಕರೆಯ ಪಾಕವು 115 ಡಿಗ್ರಿಗೆ ಬರಲಿ, ಎಣ್ಣೆಯು 175 ಡಿಗ್ರಿಗೆ ಕಾಯಲಿ, ಕೋಳಿಮಾಂಸದ ಒಳಭಾಗವು 74 ಡಿಗ್ರಿಯನ್ನು ಮುಟ್ಟಲಿ ಎಂದು ಅವು ವಿಧಿಸುತ್ತವೆ. ನಮ್ಮ ಶಾಲೆಯಲ್ಲಿ ಕಲಿತು ಈಗ ಸಂಸಾರ ನಡೆಸುತ್ತಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು, ತಮ್ಮ ಮನೆಯಲ್ಲಿ ಉಷ್ಣಮಾಪಕವಿಲ್ಲವೆಂದೂ, ಅತ್ತೆಯವರು ಎಲ್ಲವನ್ನೂ ಬೆರಳಿನಿಂದಲೇ ನೋಡಿ ತಿಳಿಯುತ್ತಾರೆಂದೂ, ಇವೆರಡರಲ್ಲಿ ಯಾವುದನ್ನು ನಂಬತಕ್ಕದ್ದೆಂದೂ ಕೇಳಿದ್ದುಂಟು. ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಕೆಲವು ಪದಾರ್ಥಗಳಲ್ಲಿ ಬೆರಳು ಉಷ್ಣಮಾಪಕಕ್ಕಿಂತಲೂ ಸತ್ಯವಾದದ್ದು. ಬೇರೆ ಕೆಲವುಗಳಲ್ಲಿ ಬೆರಳನ್ನೂ ಕಣ್ಣನ್ನೂ ನಂಬಿದರೆ ಮನೆಮಂದಿಗೆ ಅಪಾಯವುಂಟು. ಯಾವುದು ಯಾವ ಪಂಗಡಕ್ಕೆ ಸೇರಿದ್ದೆಂಬುದನ್ನು ಇಲ್ಲಿ ಸ್ವಲ್ಪ ವಿವೇಚಿಸೋಣ. ಇಲ್ಲಿ ಹೇಳುವ ಡಿಗ್ರಿಗಳೆಲ್ಲವೂ ಸೆಂಟಿಗ್ರೇಡಿನವು. ಈಗಿನ ಮಕ್ಕಳು ಅದನ್ನೇ ಸೆಲ್ಸಿಯಸ್ ಎಂದು ಕಲಿಯುತ್ತಾರೆ.

ಮೊದಲು ಅನ್ನವನ್ನು ತೆಗೆದುಕೊಳ್ಳೋಣ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕೆಂಬುದು ಎಲ್ಲರೂ ಬಲ್ಲ ಮಾತು. ಒಂದು ಅಗುಳನ್ನು ಎರಡು ಬೆರಳುಗಳ ನಡುವೆ ಹಿಚುಕಿದಾಗ ಮಧ್ಯದಲ್ಲಿ ಬಿಳಿಯ ಚುಕ್ಕೆ ಕಂಡರೆ ಅಲ್ಲಿಯ ಪಿಷ್ಟವು ಇನ್ನೂ ನೀರನ್ನು ಹೀರಿ ಉಬ್ಬಿಲ್ಲವೆಂದು ಅರ್ಥ; ಚುಕ್ಕೆಯಿಲ್ಲದೆ ಸಮನಾಗಿ ನುಣ್ಣಗಾದರೆ ಬೆಂದಿದೆ. ಆದರೆ ಒಂದು ಅಗುಳು ಇಡೀ ಪಾತ್ರೆಯ ಪರವಾಗಿ ಸಾಕ್ಷಿ ಹೇಳಲು ಅಧಿಕಾರ ಎಲ್ಲಿಂದ ಬಂತು? ಪಾತ್ರೆಯಲ್ಲಿರುವ ಅಕ್ಕಿಯೆಲ್ಲ ಒಂದೇ ಜಾತಿಯದು, ಒಂದೇ ಗಾತ್ರದ್ದು. ಅದೆಲ್ಲವೂ ಒಂದೇ ಕುದಿನೀರಿನಲ್ಲಿ ಒಂದೇ ಹೊತ್ತು ಇದ್ದಿತು. ಕುದಿಯುವ ನೀರಿನ ಗುಣವೇನೆಂದರೆ, ಕೆಳಗೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದು ತನ್ನ ಕುದಿಬಿಂದುವನ್ನು ಮೀರಿ ಬಿಸಿಯಾಗದು. ಹೆಚ್ಚಿದ ಉರಿಯೆಲ್ಲ ನೀರನ್ನು ಆವಿ ಮಾಡುವುದರಲ್ಲಿಯೇ ತೀರಿಹೋಗುತ್ತದೆ. ಕುದಿ ಬಂದ ಮೇಲೂ ಗ್ಯಾಸಿನ ಉರಿಯನ್ನು ದೊಡ್ಡದಾಗಿ ಇಡುವವರು ಸಿಲಿಂಡರನ್ನು ಬೇಗ ಖಾಲಿ ಮಾಡುತ್ತಾರೆಯೇ ಹೊರತು ಅನ್ನವನ್ನು ಬೇಗ ಬೇಯಿಸುವುದಿಲ್ಲ. ಹೀಗೆ ನೀರೇ ಒಂದು ಉಷ್ಣಮಾಪಕವಾಗಿದೆ. ಅದು ತೋರಿಸುವ ಅಂಕೆ ಒಂದೇ, ಆದರೆ ಆ ಅಂಕೆ ಸುಳ್ಳಾಗದು.

ಆ ಅಂಕೆಯು ಊರಿಂದೂರಿಗೆ ಬದಲಾಗುತ್ತದೆಂಬುದನ್ನು ಮಾತ್ರ ಮರೆಯತಕ್ಕದ್ದಲ್ಲ. ಸಮುದ್ರಮಟ್ಟದಿಂದ ಮೇಲೆ ಹೋದಂತೆ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದರೆ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರಲ್ಲಿಯೂ, ಮಡಿಕೇರಿಯಲ್ಲಿ 96ರ ಹತ್ತಿರವೂ ಕುದಿಯುತ್ತದೆ. ಕರಾವಳಿಯಿಂದ ಕೊಡಗಿಗೆ ಮದುವೆಯಾಗಿ ಹೋದ ಹುಡುಗಿಯು, ತವರಿನಲ್ಲಿ ಬೆಂದಷ್ಟು ಬೇಗ ಇಲ್ಲಿ ಬೇಳೆ ಬೇಯದೆಂದು ಬೇಳೆಯನ್ನೋ ಅಂಗಡಿಯವನನ್ನೋ ದೂರುವುದುಂಟು. ದೋಷವು ಇಬ್ಬರದೂ ಅಲ್ಲ. ಆವಿಯನ್ನು ಹೊರಗೆ ಬಿಡದೆ ಒತ್ತಡವನ್ನು ಹೆಚ್ಚಿಸಿ, ಒಳಗಿನ ಉಷ್ಣವನ್ನು 120 ಡಿಗ್ರಿಯ ಸಮೀಪಕ್ಕೆ ಏರಿಸುವ ಪ್ರೆಷರ್ ಕುಕ್ಕರಿನಿಂದ ಬೆಟ್ಟದೂರಿನವರಿಗೆ ಆಗಿರುವ ಉಪಕಾರವು ಸಣ್ಣದಲ್ಲ.

ಇನ್ನು ಪಾಕದ ವಿಷಯ. ಬೆರಳಿನ ಪರೀಕ್ಷೆಯು ಶ್ರೇಷ್ಠವೆಂದು ನಾನು ಧೈರ್ಯದಿಂದ ಹೇಳುವುದು ಇಲ್ಲಿಯೇ. ಸಕ್ಕರೆಯ ನೀರು ಕುದಿದಂತೆಲ್ಲ ನೀರು ಆವಿಯಾಗಿ ಹೋಗಿ ಸಕ್ಕರೆಯ ಪಾಲು ಹೆಚ್ಚುತ್ತದೆ. ಸಕ್ಕರೆಯ ಪಾಲು ಹೆಚ್ಚಿದಂತೆ ಕುದಿಬಿಂದು ಮೇಲೇರುತ್ತದೆ. ಸಮುದ್ರಮಟ್ಟದಲ್ಲಿ ನೂರಕ್ಕೆ 70 ಪಾಲು ಸಕ್ಕರೆಯಿರುವಾಗ ಅದು 106ರ ಸುಮಾರಿನಲ್ಲಿಯೂ, 80 ಪಾಲಿರುವಾಗ 112ರಲ್ಲಿಯೂ, 90 ಪಾಲಿರುವಾಗ 123ರಲ್ಲಿಯೂ ಕುದಿಯುತ್ತದೆ. ಆದಕಾರಣ ಪಾಕದಲ್ಲಿ ಉಷ್ಣಮಾಪಕವು ಅಳೆಯುವುದು ವಾಸ್ತವವಾಗಿ ನೀರು ಎಷ್ಟು ಉಳಿದಿದೆಯೆಂಬುದನ್ನೇ, ಆದರೆ ಬಳಸುದಾರಿಯಿಂದ. ಬೆರಳು ಅದನ್ನೇ ನೇರವಾಗಿ ಅಳೆಯುತ್ತದೆ. ಸೌಟಿನಿಂದ ತೆಗೆದ ಒಂದು ತೊಟ್ಟನ್ನು ಕ್ಷಣಕಾಲ ಆರಗೊಟ್ಟು, ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಬಿಡಿಸಿದಾಗ ಬರಿಯ ಅಂಟು ಮಾತ್ರವಿದ್ದರೆ ಅದು ಜಾಮೂನಿಗೆ ಸಾಕು. ಒಂದು ಎಳೆಯು ಕಡಿಯದೆ ನಿಂತರೆ ಬೂಂದಿ ಲಾಡಿಗೂ ಮೈಸೂರುಪಾಕಕ್ಕೂ ತಕ್ಕ ಹದ. ಅದರ ಮೇಲಿನ ಹದಗಳನ್ನು ಬೆರಳಿನ ನಡುವೆ ನೋಡುವುದು ಸುಟ್ಟುಕೊಳ್ಳುವ ದಾರಿ. ಅಲ್ಲಿಗೆ ತಣ್ಣೀರಿನ ಬಟ್ಟಲು ಬೇಕು. ನೀರಿಗೆ ಬಿಟ್ಟ ಬೆಲ್ಲದ ಪಾಕವು ಕರಗಿಹೋಗದೆ, ಬೆರಳಿನಿಂದ ಕೂಡಿಸಿದರೆ ಮೆತ್ತಗಿನ ಉಂಡೆಯಾದರೆ ಕಜ್ಜಾಯದ ಹಿಟ್ಟಿಗೆ ಸರಿ. ಕಡಲೆಕಾಯಿಯ ಚಿಕ್ಕಿಗಾದರೆ ನೀರಿನಲ್ಲಿ ಗಟ್ಟಿಯಾದ ತುಣುಕು ಬಾಗದೆ ಚಟಕ್ಕೆಂದು ಮುರಿಯಬೇಕು. ಹಲ್ಲಿಗೆ ಅಂಟುವ ಚಿಕ್ಕಿಯಲ್ಲಿ ನೀರು ಇನ್ನೂ ಹೆಚ್ಚಾಗಿಯೇ ಉಳಿದಿದೆಯೆಂದು ತಿಳಿಯಬೇಕು.

ತಣ್ಣೀರಿನ ಪರೀಕ್ಷೆಯ ಗುಟ್ಟೇನೆಂದರೆ, ತಿಂಡಿಯು ನಾಳೆ ಡಬ್ಬಿಯಲ್ಲಿ ಹೇಗಿರುವುದೋ ಅದನ್ನು ಈ ನಿಮಿಷವೇ ತೋರಿಸಿಕೊಡುವುದು. ಇದು ಮಂಗಳೂರಿನಲ್ಲಿಯೂ ಮಡಿಕೇರಿಯಲ್ಲಿಯೂ ಒಂದೇ ಉತ್ತರವನ್ನು ಕೊಡುತ್ತದೆ. ಆದರೆ ಪುಸ್ತಕದ 115 ಡಿಗ್ರಿಯನ್ನೇ ಹಿಡಿದುಕೊಂಡು ಮಡಿಕೇರಿಯಲ್ಲಿ ಪಾಕ ಮಾಡಿದರೆ, ಅಲ್ಲಿಯ ಕುದಿಬಿಂದುವು ನಾಲ್ಕು ಡಿಗ್ರಿ ಕಡಿಮೆಯಾದ್ದರಿಂದ, ಆ ಅಂಕೆಯನ್ನು ಮುಟ್ಟುವಷ್ಟರಲ್ಲಿ ಪಾಕವು ಹದಮೀರಿ ಗಟ್ಟಿಯಾಗಿರುವುದು. ಬೆಲ್ಲದಲ್ಲಿಯಂತೂ ಸಕ್ಕರೆಯಲ್ಲದೆ ಬೇರೆ ಅಂಶಗಳು ಒಂದು ಅಚ್ಚಿನಿಂದ ಇನ್ನೊಂದು ಅಚ್ಚಿಗೆ ವ್ಯತ್ಯಾಸವಾಗುವುದರಿಂದ ಸಕ್ಕರೆಯ ಅಂಕೆಗಳು ಅದಕ್ಕೆ ಸರಿಯಾಗಿ ಹೊಂದಲಾರವು. ಒಂದೇ ಎಚ್ಚರಿಕೆ: ಪರೀಕ್ಷೆ ನಡೆಯುತ್ತಿರುವಾಗ ಪಾತ್ರೆಯನ್ನು ಉರಿಯಿಂದ ಇಳಿಸಿರಬೇಕು. ನಾವು ಬಟ್ಟಲಿನಲ್ಲಿ ಉಂಡೆ ಕಟ್ಟುತ್ತಿರುವಾಗ ಒಲೆಯ ಮೇಲಿನ ಪಾಕವು ನಮಗಾಗಿ ಕಾಯುವುದಿಲ್ಲ.

ತುಪ್ಪ ಕಾಯಿಸುವಾಗ ಕಿವಿಯೇ ಪ್ರಧಾನ. ಬೆಣ್ಣೆಯಲ್ಲಿ ನೀರಿರುವವರೆಗೆ ಚಟಪಟ ಶಬ್ದವಿರುತ್ತದೆ, ಉಷ್ಣವೂ ನೀರಿನ ಕುದಿಬಿಂದುವಿನ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಶಬ್ದವು ಅಡಗಿತೆಂದರೆ ಕಾವಲುಗಾರನು ಹೊರಟುಹೋದನೆಂದು ತಿಳಿಯಬೇಕು. ಆಮೇಲೆ ಉಷ್ಣವು ತ್ವರೆಯಾಗಿ ಏರಿ ತಳದ ಗಸಿ ಕೆಂಪಗಾಗುವುದು, ಸ್ವಲ್ಪ ಅಲಕ್ಷ್ಯ ಮಾಡಿದರೆ ಕಪ್ಪಗಾಗುವುದು. ಚಕ್ಕುಲಿಯ ವಿಷಯದಲ್ಲಿಯೂ ಇದೇ ನ್ಯಾಯ. ಎಣ್ಣೆಯಲ್ಲಿ ಏಳುವ ಗುಳ್ಳೆಗಳು ಎಣ್ಣೆಯವಲ್ಲ, ಹಿಟ್ಟಿನ ನೀರು ಆವಿಯಾಗಿ ಹೊರಬರುವುದರ ಗುರುತು. ಬಣ್ಣ ಬಂದರೂ ಗುಳ್ಳೆಗಳು ರಭಸವಾಗಿಯೇ ಇದ್ದರೆ ಒಳಗೆ ಹಸಿಯಿದೆ, ಮರುದಿನವೇ ಚಕ್ಕುಲಿ ಮೆತ್ತಗಾಗುತ್ತದೆ. ಎಣ್ಣೆ ಕಾದುದನ್ನು ನೋಡಲು ಚಿಟಿಕೆಯಷ್ಟು ಹಿಟ್ಟನ್ನು ಹಾಕಬೇಕು. ಅದು ತಳದಲ್ಲಿಯೇ ಕುಳಿತರೆ ಎಣ್ಣೆ ಸಾಲದು. ಮುಳುಗಿ ಕೂಡಲೇ ಮೇಲೆದ್ದು ನಿಧಾನವಾಗಿ ಕೆಂಪಾದರೆ 170-180ರ ಸುಮಾರಿನಲ್ಲಿದೆ. ಕ್ಷಣದಲ್ಲಿಯೇ ಕಂದಿದರೆ ಮಿತಿಮೀರಿದೆ. ಹೊಗೆ ಬರಲೆಂದು ಕಾಯುವವರ ಪದ್ಧತಿಯನ್ನು ನಾನು ಒಪ್ಪೆನು. ಗಾಣದ ತೆಂಗಿನೆಣ್ಣೆಯು 175ರ ಹತ್ತಿರವೇ ಹೊಗೆಯಾಡಬಹುದು, ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆಯು 220 ದಾಟಿದರೂ ಹೊಗೆಯಾಡದಿರಬಹುದು. ಹೊಗೆಯು ಎಣ್ಣೆ ಕೆಡುತ್ತಿರುವುದರ ಗುರುತು, ಹದವಾದುದರ ಗುರುತಲ್ಲ.

ದೋಸೆಯ ಕಾವಲಿಗೆ ನೀರು ಚಿಮುಕಿಸಿ ನೋಡುವುದನ್ನು ನೀವೆಲ್ಲರೂ ಬಲ್ಲಿರಿ. ಚುಂಯ್ ಎಂದು ಹನಿಯು ಆರಿಹೋದರೆ ಹಿಟ್ಟನ್ನು ಹೊಯ್ಯಬಹುದು. ಹನಿಗಳು ಆರದೆ ಮುತ್ತಿನಂತೆ ದುಂಡಗಾಗಿ ಓಡಾಡಿದರೆ ಕಾವಲಿಯು ಅತಿಯಾಗಿ ಕಾದಿದೆ. ಆಗ ಹೊಯ್ದ ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಂಡು ಬರುತ್ತದೆ. ಹನಿಯ ಕೆಳಗೆ ಆವಿಯ ಒಂದು ತೆಳುವಾದ ಹಾಸು ಉಂಟಾಗಿ ಅದು ಲೋಹವನ್ನು ತಾಗದಂತೆ ತಡೆಯುವುದೇ ಇದಕ್ಕೆ ಕಾರಣ. ಜರ್ಮನಿಯ ವೈದ್ಯನಾದ ಲೈಡೆನ್‌ಫ್ರಾಸ್ಟ್ ಎಂಬವನು ಕೆಂಪಗೆ ಕಾದ ಕಬ್ಬಿಣದ ಚಮಚದ ಮೇಲೆ ನೀರು ಬಿಟ್ಟು ನೋಡಿ, 1756ರಲ್ಲಿ ಇದನ್ನು ಗ್ರಂಥವಾಗಿ ಬರೆದನು. ವಿಜ್ಞಾನಿಗಳು ಇಂದಿಗೂ ಅವನ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ದೋಸೆ ಹೊಯ್ಯುವವರು ಯಾರೂ ಗ್ರಂಥ ಬರೆಯಲಿಲ್ಲ.

ಇಡ್ಲಿಯ ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿರುವುದು, ಒದ್ದೆ ಕೈಗೆ ರಾಗಿಮುದ್ದೆ ಹತ್ತದಿರುವುದು, ಕ್ರಿಸ್ತಜಯಂತಿಯ ಕೇಕನ್ನು ಬೆರಳಿನಿಂದ ಮೆಲ್ಲನೆ ಒತ್ತಿದರೆ ಮತ್ತೆ ಮೇಲೇಳುವುದು, ಇವೆಲ್ಲ ಇದೇ ಪಂಗಡಕ್ಕೆ ಸೇರಿದವು. ಇಲ್ಲಿ ನಾವು ನೋಡುವ ಗುರುತೂ ನಮಗೆ ಬೇಕಾದ ಹದವೂ ಒಂದೇ ಆಗಿವೆ. ತಪ್ಪಿದರೂ ತಿಂಡಿ ಕೆಟ್ಟೀತು, ತಿಂದವರು ಕೆಡಲಾರರು.

ಇನ್ನೊಂದು ಪಂಗಡವು ಹಾಗಲ್ಲ. ಅಲ್ಲಿ ನಾವು ತಿಳಿಯಬೇಕಾದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸತ್ತವೋ, ವಿಷವು ನಾಶವಾಯಿತೋ ಎಂಬುದು. ಕಣ್ಣಿಗೆ ಕಾಣುವುದು ಬಣ್ಣ, ಕೈಗೆ ತಿಳಿಯುವುದು ಮೃದುತ್ವ. ಇವೆರಡಕ್ಕೂ ಸಂಬಂಧವು ಗಟ್ಟಿಯಾದದ್ದಲ್ಲ. ಕೈಮಾದ ಮಾಂಸವು ಒಮ್ಮೊಮ್ಮೆ ಸುರಕ್ಷಿತವಾದ 71 ಡಿಗ್ರಿಯನ್ನು ಮುಟ್ಟುವ ಮೊದಲೇ ಕಂದುಬಣ್ಣಕ್ಕೆ ತಿರುಗುತ್ತದೆ. ಕೋಳಿಯಲ್ಲಾದರೆ ಪೂರ್ತಿ ಬೆಂದ ಮೇಲೂ ಮೂಳೆಯ ಬಳಿ ಕೆಂಪು ಉಳಿಯುವುದುಂಟು, ಬೇಯದಿರುವಾಗಲೇ ಹೊರಗೆ ಹೊಂಬಣ್ಣ ಬರುವುದೂ ಉಂಟು. ಅಗುಳಿನ ನ್ಯಾಯವು ಇಲ್ಲಿ ಸಲ್ಲದು. ಒಂದು ಇಡೀ ಕೋಳಿಯ ರೆಕ್ಕೆಯೂ ತೊಡೆಯ ಸಂದೂ ಒಂದೇ ಗಾತ್ರದವಲ್ಲ, ಒಂದೇ ಬಿಸಿಯನ್ನು ಕಂಡವೂ ಅಲ್ಲ. ರೆಕ್ಕೆಯು ತೊಡೆಯ ಪರವಾಗಿ ಸಾಕ್ಷಿ ಹೇಳಲಾರದು.

ನಮ್ಮ ಹಿರಿಯರ ಪದ್ಧತಿಯಲ್ಲಿ ಈ ಅಪಾಯವು ಕಡಿಮೆಯಾಗಿದ್ದಿತು. ಅವರು ಮಾಂಸವನ್ನು ಸಣ್ಣ ತುಂಡುಗಳಾಗಿ ಕಡಿದು ಮಸಾಲೆಯ ರಸದಲ್ಲಿ ಬಹಳ ಹೊತ್ತು ಕುದಿಸುತ್ತಿದ್ದರು. ಕುದಿಯುವ ರಸವು 74 ಡಿಗ್ರಿಗಿಂತ ಎಷ್ಟೋ ಮೇಲಿರುತ್ತದೆ, ಸಣ್ಣ ತುಂಡಿನ ಒಳಗೆ ಬಿಸಿಯು ಬೇಗ ಸೇರುತ್ತದೆ. ಈಗ ಹೆಪ್ಪುಗಟ್ಟಿದ ಕೋಳಿಯನ್ನು ತಂದು, ಮಂಜು ಪೂರ್ತಿ ಕರಗುವ ಮೊದಲೇ ಇಡಿಯಾಗಿ ಓವನ್ನಿನಲ್ಲಿ ಹುರಿಯುವ ರೂಢಿ ಬಂದಿದೆ. ಅಡಿಗೆಯನ್ನು ಹೊಸದಾಗಿಸಿ ಪರೀಕ್ಷೆಯನ್ನು ಹಳೆಯದಾಗಿಯೇ ಇಟ್ಟುಕೊಳ್ಳುವುದು ಸರಿಯಲ್ಲ. ಇಡಿಯಾಗಿ ಹುರಿಯುವವರು ಉಷ್ಣಮಾಪಕವನ್ನು ಕೊಳ್ಳಲಿ. ಅದಿಲ್ಲದವರು ಕಡಿದು ಕುದಿಸಲಿ.

ಉತ್ತರದೇಶದಿಂದ ನಮ್ಮ ಮನೆಗಳಿಗೆ ಬಂದ ರಾಜ್ಮಾ ಕಾಳಿನ ವಿಷಯವನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಹಸಿಯ ಕಾಳಿನಲ್ಲಿ ಸ್ವಾಭಾವಿಕವಾದ ಒಂದು ವಿಷವಿದೆ. ಸರಿಯಾಗಿ ಬೇಯದ ನಾಲ್ಕೈದು ಕಾಳುಗಳೇ ಕೆಲವು ಗಂಟೆಗಳೊಳಗೆ ಕಠಿಣವಾದ ವಾಂತಿಯನ್ನು ತರಬಲ್ಲವು. ಕುದಿಯು ಬಾರದ ಮಂದವಾದ ಬಿಸಿಯಲ್ಲಿ, ಉದಾಹರಣೆಗೆ 80 ಡಿಗ್ರಿಯಲ್ಲಿ, ಇಡೀ ದಿನ ಇಟ್ಟರೂ ಆ ವಿಷವು ಹೋಗದು, ಹೆಚ್ಚಾಗಲೂಬಹುದು. ಆದುದರಿಂದ ಕಾಳನ್ನು ಐದು ಗಂಟೆಗೆ ಕಡಿಮೆಯಿಲ್ಲದಂತೆ ನೆನೆಯಿಟ್ಟು, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಬೇಕು. ಕುಕ್ಕರಿನಲ್ಲಿ ಮೆತ್ತಗಾಗುವಂತೆ ಬೇಯಿಸಿದರೆ ಈ ಭಯವಿಲ್ಲ.

ಮಿಕ್ಕ ಅನ್ನವನ್ನು ರಾತ್ರಿಯೆಲ್ಲ ಪಾತ್ರೆಯಲ್ಲಿಯೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವವರಿಗೂ ಒಂದು ಮಾತು. ಅಕ್ಕಿಯಲ್ಲಿರುವ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜಗಳು ಕುದಿಯಲ್ಲಿಯೂ ಸಾಯವು. ಅನ್ನವು ಉಗುರುಬೆಚ್ಚಗಿರುವಾಗ ಅವು ಮೊಳೆತು ವಿಷವನ್ನು ಬಿಡುತ್ತವೆ, ಆ ವಿಷವು ಬೆಳಗಿನ ಒಗ್ಗರಣೆಗೆ ಹೆದರುವುದಿಲ್ಲ. ಮೂಗಿಗೂ ನಾಲಿಗೆಗೂ ಇದು ತಿಳಿಯಲೇಬೇಕೆಂದಿಲ್ಲ. ಮಿಕ್ಕದ್ದನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದೆರಡು ಗಂಟೆಯೊಳಗೆ ಶೀತಪೆಟ್ಟಿಗೆಯಲ್ಲಿ ಇಡತಕ್ಕದ್ದು.

ಉಷ್ಣಮಾಪಕವನ್ನು ಕೊಳ್ಳುವವರು ಮೊದಲು ಅದನ್ನೇ ಪರೀಕ್ಷಿಸಬೇಕು. ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಹೊಯ್ದು, ಕಲಕಿ, ಅದರಲ್ಲಿ ಅದ್ದಿದರೆ ಯಾವ ಊರಿನಲ್ಲಾದರೂ ಸೊನ್ನೆಯನ್ನು ತೋರಿಸಬೇಕು. ಕುದಿನೀರಿನಲ್ಲಿ ನಿಮ್ಮ ಊರಿನ ಅಂಕೆಯನ್ನು ತೋರಿಸಬೇಕು. ಬೆಂಗಳೂರಿನವರು ಅಲ್ಲಿ 97ನ್ನು ಕಂಡು ಅಂಗಡಿಗೆ ಹಿಂದಿರುಗಿಸಲು ಹೋಗಬಾರದು. ಮಾಂಸದಲ್ಲಿ ಚುಚ್ಚುವಾಗ ಎಲ್ಲಕ್ಕಿಂತ ದಪ್ಪವಾದ ಭಾಗದ ನಡುವೆ, ಮೂಳೆಗೆ ತಾಗದಂತೆ ಚುಚ್ಚಿ, ಅಂಕೆಯು ನಿಲ್ಲುವವರೆಗೆ ಕಾದು ಓದಬೇಕು. ಹಸಿಮಾಂಸಕ್ಕೆ ಚುಚ್ಚಿದ್ದನ್ನು ಸಾಬೂನು ನೀರಿನಲ್ಲಿ ತೊಳೆಯದೆ ಬೆಂದುದಕ್ಕೆ ಚುಚ್ಚತಕ್ಕದ್ದಲ್ಲ.